ಟೇಪು ಕಪ್ಪಾಯ್ತು, ಸರಿ. ಒಳಗಿನ ಕ್ರಿಮಿ ಸತ್ತಿದೆಯಾ?

ಕರು ಅಡ್ಡ ಸಿಕ್ಕಿಕೊಂಡು ಕೊಟ್ಟಿಗೆಯಲ್ಲೇ ಹಸುವಿಗೆ ಸಿಸೇರಿಯನ್ ಮಾಡಬೇಕಾಗಿ ಬಂದರೆ ಪಶುವೈದ್ಯರು ಒಂದು ಬಟ್ಟೆಯ ಗಂಟು ಬಿಚ್ಚುತ್ತಾರೆ. ಒಳಗೆ ಕತ್ತರಿ, ಚಿಮಟ, ರಕ್ತನಾಳ ಹಿಡಿಯುವ ಫೋರ್ಸೆಪ್ಸ್, ಹೊಲಿಗೆ ಸೂಜಿ ಇರುತ್ತವೆ. ಗಂಟಿನ ಮಡಿಕೆ ಮೇಲೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪಿನಂಥ ಒಂದು ತುಂಡು ಅಂಟಿಸಿರತ್ತೆ, ಅದರ ಮೇಲೆ ಓರೆಯಾಗಿ ಕಪ್ಪು ಗೆರೆಗಳು. ಅಣಬೆ ಬೀಜ ತಯಾರಿಸುವ ಹುಡುಗರು ಇದೇ ಟೇಪನ್ನು ಜೋಳ ತುಂಬಿದ ಪಿ.ಪಿ. ಚೀಲದ ಕುತ್ತಿಗೆ ಮೇಲೆ ನೋಡಿರ್ತೀರಿ. ಇದರ ಹೆಸರು ಆಟೋಕ್ಲೇವ್ ಟೇಪು. ಆಸ್ಪತ್ರೆಗಳಿಗಾಗಿ ಬಂದ ಸಾಮಾನು ಇದು, ಈಗ ಆನ್‌ಲೈನಿನಲ್ಲಿ ಯಾರು ಬೇಕಾದ್ರೂ ತರಿಸಿಕೊಳ್ಳಬಹುದು.

ತರಿಸಿಕೊಂಡವರು ಮಾಡುವ ತಪ್ಪು ಹೆಚ್ಚುಕಮ್ಮಿ ಒಂದೇ. ಗೆರೆ ಕಪ್ಪಾಯ್ತು, ಹಾಗಾದ್ರೆ ಒಳಗಿನದ್ದೆಲ್ಲ ಶುದ್ಧವಾಯ್ತು ಅಂತ ತಿಳಿದುಬಿಡೋದು. ಹತ್ತು ದಿನ ಆದ ಮೇಲೆ ಚೀಲದಲ್ಲಿ ಬಿಳಿ ಬಲೆ ಹಬ್ಬೋ ಬದಲು ಹಸಿರು ಬೂಷ್ಟು ಬರತ್ತೆ, ಇಲ್ಲಾ ಜೋಳ ಜಿಗುಟಾಗಿ ಹುಳಿ ವಾಸನೆ ಹೊಡೆಯತ್ತೆ. ಆಗ ಬೈಗುಳ ತಾಯಿಬೀಜಕ್ಕೆ. ಟೇಪು ಸುಳ್ಳು ಹೇಳಿರೋದಿಲ್ಲ. ಅದು ಹೇಳಿದ್ದು ಒಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು.

ಕುದಿಸಿದರೆ ಸಾಲದಾ?

ಸಾಮಾನ್ಯ ಬ್ಯಾಕ್ಟೀರಿಯಾ, ಬೂಷ್ಟು, ವೈರಸ್ಸುಗಳಲ್ಲಿ ಬಹುಪಾಲು ಕುದಿಯುವ ನೀರಿನಲ್ಲಿ ಸಾಯುತ್ತವೆ. ಆದರೆ ಕೆಲವು ಜಾತಿಯ ಬ್ಯಾಕ್ಟೀರಿಯಾಗಳಿಗೆ ಒಂದು ಉಪಾಯ ಗೊತ್ತು. ಪರಿಸ್ಥಿತಿ ಕೆಟ್ಟಾಗ ಅವು ತಮ್ಮ ಸುತ್ತ ದಪ್ಪ ಕವಚ ಕಟ್ಟಿಕೊಂಡು, ಒಳಗಿನ ನೀರನ್ನು ಆದಷ್ಟು ಕಡಿಮೆ ಮಾಡಿಕೊಂಡು ಒಣಬೀಜದ ಹಾಗೆ ಕೂತುಬಿಡುತ್ತವೆ. ಇದಕ್ಕೆ ಸ್ಪೋರ್ ಅಂತಾರೆ. ಧನುರ್ವಾಯು, ದನಗಳ ಚಪ್ಪೆ ರೋಗ, ನೆರಡಿ ರೋಗ, ಈ ಮೂರರ ಕ್ರಿಮಿಗಳೂ ಈ ಗುಂಪಿನವೇ. ನೆರಡಿಯಿಂದ ಸತ್ತ ದನವನ್ನು ಕೊಯ್ಯಬಾರದು, ಆಳವಾಗಿ ಹೂಳಬೇಕು ಅಂತ ಇಲಾಖೆಯವರು ಒತ್ತಿ ಹೇಳೋದು ಸ್ಪೋರ್ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತೆ ಅನ್ನೋ ಕಾರಣಕ್ಕೆ.

ಜೋಳದ ಕಾಳಿನ ಮೇಲೂ ಸ್ಪೋರ್ ಇರತ್ತೆ. ಅಲ್ಲಿರೋದು ಹೆಚ್ಚಾಗಿ ಬ್ಯಾಸಿಲಸ್ ಜಾತಿ. ಕಾಳನ್ನು ಬರೀ ಕುದಿಸಿ ಚೀಲಕ್ಕೆ ತುಂಬಿದರೆ ಮಿಕ್ಕ ಕ್ರಿಮಿಗಳೆಲ್ಲ ಸತ್ತು ಇವು ಮಾತ್ರ ಉಳಿಯುತ್ತವೆ. ಬೆಂದ ಕಾಳು, ಹದವಾದ ತೇವ, ಪೈಪೋಟಿಗೆ ಯಾರೂ ಇಲ್ಲ. ಅವಕ್ಕೆ ಇನ್ನೇನು ಬೇಕು? ಅಣಬೆಯ ಎಳೆ ಹಬ್ಬೋದಕ್ಕೆ ಎರಡು-ಮೂರು ವಾರ ಬೇಕು, ಬ್ಯಾಕ್ಟೀರಿಯಾಕ್ಕೆ ಎರಡು-ಮೂರು ದಿನ ಸಾಕು.

ಹಾಗಾಗಿ ನೀರು ಕುದಿಯುವ ಬಿಸಿಗಿಂತ ಮೇಲೆ ಹೋಗಬೇಕು. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಹಬೆಯನ್ನು 15 ಪೌಂಡ್ ಒತ್ತಡಕ್ಕೆ ಏರಿಸಿದರೆ ಬಿಸಿ 121 ಡಿಗ್ರಿ ತಲುಪತ್ತೆ. ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾಂಡ್ 1879ರಲ್ಲಿ ಮಾಡಿದ ಆಟೋಕ್ಲೇವ್ ಕೆಲಸ ಮಾಡಿದ್ದು ಇದೇ ತತ್ವದ ಮೇಲೆ, ನಮ್ಮ ಅಡುಗೆಮನೆ ಕುಕ್ಕರ್ ಕೂಡ ಹಾಗೇ.

ಗೇಜ್ ಮುಳ್ಳು 15ರಲ್ಲಿ ಇದ್ದರೂ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಡವೋದು ಬಹುತೇಕ ಇಲ್ಲೇ. ಗೇಜ್ ತೋರಿಸೋದು ಒತ್ತಡವನ್ನು, ಬಿಸಿಯನ್ನಲ್ಲ. 15 ಪೌಂಡ್ ಅಂದ್ರೆ 121 ಡಿಗ್ರಿ ಅನ್ನೋ ಲೆಕ್ಕ ಪಾತ್ರೆಯೊಳಗೆ ಬರೀ ಹಬೆ ಇದ್ದಾಗ ಮಾತ್ರ ಸರಿ. ಒಳಗಿನ ಗಾಳಿ ಹೊರಹೋಗದೆ ಉಳಿದರೆ, ಗಾಳಿ ಮತ್ತು ಹಬೆ ಎರಡೂ ಸೇರಿ ಮುಳ್ಳನ್ನು 15ಕ್ಕೆ ತಳ್ಳುತ್ತವೆ. ಗಾಳಿ ಅರ್ಧ ಮಾತ್ರ ಹೋಗಿದ್ದರೆ ಅದೇ 15 ಪೌಂಡಿನಲ್ಲಿ ಬಿಸಿ ಸುಮಾರು 112 ಡಿಗ್ರಿ. ಗಾಳಿಯನ್ನು ಬಿಟ್ಟೇ ಇಲ್ಲ ಅಂದ್ರೆ 100ರ ಆಸುಪಾಸು. ಮುಳ್ಳು ಮಾತ್ರ ಮೂರೂ ಸಲ ಒಂದೇ ಜಾಗದಲ್ಲಿ ನಿಂತಿರತ್ತೆ.

ಒಂಬತ್ತು ಡಿಗ್ರಿ ಕಡಿಮೆ ಆದ್ರೆ ಏನು ಮಹಾ ಅನ್ನಬೇಡಿ. ಹಬೆಯಲ್ಲಿ ಸ್ಪೋರ್ ಸಾಯುವ ವೇಗ ಹತ್ತು ಡಿಗ್ರಿ ಇಳಿದರೆ ಸುಮಾರು ಹತ್ತನೇ ಒಂದು ಭಾಗಕ್ಕೆ ಕುಸಿಯತ್ತೆ. 121 ಡಿಗ್ರಿಯಲ್ಲಿ 15 ನಿಮಿಷದಲ್ಲಿ ಮುಗಿಯೋ ಕೆಲಸಕ್ಕೆ 112ರಲ್ಲಿ ಹತ್ತಿರಹತ್ತಿರ ಎರಡು ಗಂಟೆ ಬೇಕು.

ಗಾಳಿ ಹಬೆಗಿಂತ ಭಾರ. ಹಾಗಾಗಿ ಅದು ಆಟೋಕ್ಲೇವಿನ ತಳದಲ್ಲಿ, ಬಟ್ಟಲಿನ ಒಳಗೆ, ಒತ್ತಿ ತುಂಬಿದ ಗಂಟಿನ ನಡುವೆ ನೀರಿನ ಹಾಗೆ ನಿಂತುಬಿಡತ್ತೆ. ಇದು ಎಷ್ಟು ದುಬಾರಿ ಆಗಬಹುದು ಅನ್ನೋದಕ್ಕೆ ಆಸ್ಪತ್ರೆ ಲೋಕದಲ್ಲಿ ಇವತ್ತಿಗೂ ಪಾಠ ಮಾಡುವ ಒಂದು ಪ್ರಕರಣ ಇದೆ. 1972ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್‌ನಲ್ಲಿ, ಆಪರೇಷನ್ ಆದ ರೋಗಿಗಳಿಗೆ ಡೆಕ್ಸ್‌ಟ್ರೋಸ್ ಡ್ರಿಪ್ ಕೊಟ್ಟ ಮೇಲೆ ಕೆಲವರು ತೀರಿಕೊಂಡರು. ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ತನಿಖೆಯಲ್ಲಿ ಗೊತ್ತಾದದ್ದು ಏನಂದ್ರೆ, ಹಿಂದಿನ ವರ್ಷ ಫ್ಯಾಕ್ಟರಿಯಲ್ಲಿ ಆ ಬಾಟಲಿಗಳನ್ನು ಆಟೋಕ್ಲೇವ್ ಮಾಡುವಾಗ ಗಾಳಿ ಸರಿಯಾಗಿ ಹೊರಹೋಗದೆ ಕೆಳಭಾಗದ ಬಾಟಲಿಗಳಿಗೆ ಬೇಕಾದ ಬಿಸಿ ತಾಗಿರಲಿಲ್ಲ. ಬಿಸಿ ಏರಿಲ್ಲ ಅಂತ ಒಂದು ಥರ್ಮಾಮೀಟರ್ ತೋರಿಸಿಯೂ ಇತ್ತು. ಒತ್ತಡ ಸರಿ ಇದೆಯಲ್ಲ, ಥರ್ಮಾಮೀಟರೇ ಕೆಟ್ಟಿರಬೇಕು ಅಂದುಕೊಂಡು ಮುಂದೆ ಹೋಗಿದ್ದರು.

ನಮ್ಮ ಊರುಗಳಿಗೆ ಇನ್ನೊಂದು ಲೆಕ್ಕ ಸೇರತ್ತೆ. 15 ಪೌಂಡಿಗೆ 121 ಡಿಗ್ರಿ ಅನ್ನೋದು ಸಮುದ್ರಮಟ್ಟದ ಲೆಕ್ಕ. ಮಂಗಳೂರು, ಕಾರವಾರದಲ್ಲಿ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ. ಗೇಜಿನಲ್ಲಿ 15 ಪೌಂಡ್ ಬಂದಾಗ ಒಳಗೆ ಬಿಸಿ 121ಕ್ಕೆ ಒಂದೂವರೆ ಡಿಗ್ರಿಯಷ್ಟು ಕಡಿಮೆ. ಸಣ್ಣ ವ್ಯತ್ಯಾಸವೇ, ಆದರೆ 15 ನಿಮಿಷದ ಕೆಲಸಕ್ಕೆ 20 ನಿಮಿಷಕ್ಕಿಂತ ಹೆಚ್ಚು ಬೇಕಾಗತ್ತೆ. ಮಡಿಕೇರಿ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಪ್ರತಿ 300 ಮೀಟರ್ ಎತ್ತರಕ್ಕೆ ಅರ್ಧ ಪೌಂಡ್ ಒತ್ತಡ ಹೆಚ್ಚಿಗೆ ಇಟ್ಟುಕೊಂಡರೆ ಲೆಕ್ಕ ಸರಿಹೋಗತ್ತೆ. ಕುಕ್ಕರಿನ ವೆಯ್ಟನ್ನು ಬದಲಾಯಿಸೋಕೆ ಆಗಲ್ಲ, ಬದಲಾಯಿಸಲೂಬಾರದು. ಅಲ್ಲಿ ಸಮಯ ಹೆಚ್ಚಿಸಿ.

ಟೇಪು ನಿಜವಾಗಿ ಹೇಳೋದು ಏನು

ಟೇಪಿನ ಗೆರೆಗಳು ಒಂದು ಬಗೆಯ ಶಾಯಿ. ಹಬೆಯ ಬಿಸಿ ಮತ್ತು ತೇವ ಎರಡೂ ಸೇರಿದಾಗ ಅದರಲ್ಲಿ ರಾಸಾಯನಿಕ ಕ್ರಿಯೆ ನಡೆದು ಬಣ್ಣ ಬದಲಾಗತ್ತೆ. ಮೊದಲಿಂದ ಬಂದ ನಮೂನೆಗಳಲ್ಲಿ ಸೀಸದ ಸಂಯುಕ್ತ ಮತ್ತು ಗಂಧಕ ಇರುತ್ತಿದ್ದವು. ಎರಡೂ ಸೇರಿ ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತಿತ್ತು. ಈಗ ಸೀಸ ಇಲ್ಲದ ಟೇಪುಗಳು ಸಿಗುತ್ತವೆ, ಅದನ್ನೇ ಕೇಳಿ ತಗೊಳ್ಳಿ. ಬಳಸಿದ ಟೇಪನ್ನು ಒಲೆಗೆ ಹಾಕೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11140-1 ಈ ಥರದ ರಾಸಾಯನಿಕ ಸೂಚಕಗಳನ್ನು ಆರು ಬಗೆಯಾಗಿ ವಿಂಗಡಿಸಿದೆ. ಪ್ಯಾಕೆಟ್ ಮೇಲೆ ‘ಟೈಪ್’ ಅಥವಾ ಹಳೆಯ ರೂಢಿಯಂತೆ ‘ಕ್ಲಾಸ್’ ಅಂತ ಅಂಕಿ ಇರತ್ತೆ. ನಮಗೆ ಬೇಕಾಗೋದು ಮೂರು.

ಹೊರಗೆ ಅಂಟಿಸುವ ಟೇಪು ಟೈಪ್ 1. ಅದರ ಕೆಲಸ ಒಂದೇ: ಆಟೋಕ್ಲೇವಿಗೆ ಹೋಗಿ ಬಂದ ಗಂಟು ಯಾವುದು, ಹೋಗದೇ ಇರೋದು ಯಾವುದು ಅಂತ ಬೇರೆ ಮಾಡಿ ತೋರಿಸೋದು. 121 ಡಿಗ್ರಿ ಹಬೆಯಲ್ಲಿ ಹತ್ತು ನಿಮಿಷದೊಳಗೇ ಅದು ಪೂರ್ತಿ ಕಪ್ಪಾಗತ್ತೆ, ಹಾಗೆಂದೇ ತಯಾರಿಸಿರೋದು. ನೀವು ಒಂದೂವರೆ ಗಂಟೆ ಇಡಬೇಕಾದ ಚೀಲವನ್ನು ಇಪ್ಪತ್ತು ನಿಮಿಷಕ್ಕೇ ಕರೆಂಟ್ ಹೋಗಿ ಇಳಿಸಿದರೂ ಟೇಪು ಕಪ್ಪಾಗೇ ಇರತ್ತೆ. ಅಷ್ಟೇ ಅಲ್ಲ, ಅದು ಇರೋದು ಹೊರಗೆ. ಹಬೆ ಮೊದಲು ಮುಟ್ಟುವ ಜಾಗ ಅದು.

ಒಂದು ಉದಾಹರಣೆ ತಗೊಳ್ಳಿ. ಕತ್ತರಿ, ಚಾಕುಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಟೇಪು ಅಂಟಿಸಿ ಆಟೋಕ್ಲೇವಿನಲ್ಲಿಟ್ಟರೆ ಗೆರೆ ಜೋರಾಗಿ ಬರತ್ತೆ. ಡಬ್ಬಿ ಒಳಕ್ಕೆ ಮಾತ್ರ ಹಬೆ ಹೋಗೇ ಇಲ್ಲ. ಒಳಗಿನ ಸಾಮಾನಿಗೆ ಸಿಕ್ಕಿದ್ದು ಒಣ ಬಿಸಿ. ಒಣ ಬಿಸಿಯಲ್ಲಿ ಸ್ಪೋರ್ ಸಾಯಬೇಕಾದರೆ 160 ಡಿಗ್ರಿಯಲ್ಲಿ ಎರಡು ಗಂಟೆ ಬೇಕು. 121 ಡಿಗ್ರಿ ಅದಕ್ಕೆ ಬಿಸಿಲು ಕಾಯಿಸಿದ ಹಾಗೆ. ಆಸ್ಪತ್ರೆಗಳಲ್ಲಿ ಡ್ರೆಸ್ಸಿಂಗ್ ಡ್ರಮ್‌ಗೆ ಪಕ್ಕದಲ್ಲಿ ಸಾಲು ತೂತುಗಳು, ಅವನ್ನು ಮುಚ್ಚಿ ತೆಗೆಯೋಕೆ ಜಾರುವ ಪಟ್ಟಿ ಇರೋದು ಇದಕ್ಕೇ. ಆಟೋಕ್ಲೇವಿಗೆ ಇಡುವಾಗ ತೆರೆದಿರಬೇಕು, ಹೊರತೆಗೆದ ಕೂಡಲೇ ಮುಚ್ಚಬೇಕು. ತೆರೆಯೋಕೆ ಮರೆತರೆ ಟೇಪು ಎಚ್ಚರಿಸಲ್ಲ.

ಎರಡನೆಯದು ಟೈಪ್ 5, ಇಂಟಿಗ್ರೇಟರ್ ಪಟ್ಟಿ. ಇದನ್ನು ಗಂಟಿನ ಒಳಗೆ ಇಡೋದು. ಹೆಚ್ಚಿನ ನಮೂನೆಗಳಲ್ಲಿ ಒಂದು ಸಣ್ಣ ಗುಳಿಗೆ ಕರಗಿ ಕಾಗದದ ಮೇಲೆ ಬಣ್ಣದ ಪಟ್ಟೆಯಾಗಿ ಹರಿಯತ್ತೆ. ‘ರಿಜೆಕ್ಟ್’ ಭಾಗ ದಾಟಿ ‘ಅಕ್ಸೆಪ್ಟ್’ ಭಾಗಕ್ಕೆ ಬಂದರೆ ಪಾಸು. ಬಿಸಿ, ಸಮಯ, ಹಬೆ ಮೂರೂ ಸೇರಿದರೆ ಮಾತ್ರ ಹರಿಯತ್ತೆ. 121 ಡಿಗ್ರಿಯಲ್ಲಾದರೆ ಕನಿಷ್ಠ 16.5 ನಿಮಿಷ ಆಗದೆ ಪಾಸು ತೋರಿಸಬಾರದು ಅಂತ ಮಾನಕವೇ ಹೇಳತ್ತೆ. ಸ್ಪೋರ್ ಸಾಯೋ ವೇಗಕ್ಕೆ ಹೊಂದಿಸಿ ಮಾಡಿರೋದರಿಂದ ಟೇಪಿಗಿಂತ ಇದರ ಮಾತಿಗೆ ತೂಕ ಜಾಸ್ತಿ. ಇವೆರಡರ ನಡುವೆ ಟೈಪ್ 4 ಅಂತ ಅಗ್ಗದ ಪಟ್ಟಿಯೂ ಇದೆ, ಬಣ್ಣ ಬದಲಾಗುವ ಬಗೆಯದು. ಒಳಗೇ ಇಡಬಹುದು. ಏನೂ ಇಡದೇ ಇರೋದಕ್ಕಿಂತ ಎಷ್ಟೋ ವಾಸಿ.

ಟೈಪ್ 2 ನಮ್ಮ ಕೆಲಸಕ್ಕೆ ಬರಲ್ಲ, ಆದರೂ ಅದರ ಕಥೆ ಚೆನ್ನಾಗಿದೆ. 1963ರಲ್ಲಿ ಬ್ರಿಟನ್ನಿನ ಬೋವಿ ಮತ್ತು ಡಿಕ್ ಅನ್ನುವವರ ಹೆಸರಿನಲ್ಲಿ ಒಂದು ಪರೀಕ್ಷೆ ಪ್ರಕಟವಾಯ್ತು. ಟವಲ್‌ಗಳನ್ನು ಮಡಚಿ ಅಟ್ಟಿ ಮಾಡಿ, ನಟ್ಟನಡುವೆ ಆಟೋಕ್ಲೇವ್ ಟೇಪನ್ನು ಗುಣಾಕಾರ ಚಿಹ್ನೆಯ ಹಾಗೆ ಅಂಟಿಸಿದ ಕಾಗದ ಇಟ್ಟರು. ಗಾಳಿಯೆಲ್ಲ ಹೊರಹೋಗಿದ್ದರೆ ಟೇಪು ಉದ್ದಕ್ಕೂ ಒಂದೇ ಸಮ ಕಪ್ಪಾಗತ್ತೆ. ಗಾಳಿ ಉಳಿದಿದ್ದರೆ ನಡುವಿನ ಭಾಗ ಮಾಸಲಾಗಿ ಉಳಿಯತ್ತೆ. ನೋಡಿ, ಟೇಪು ಅದೇ. ಇಟ್ಟ ಜಾಗ ಬದಲಾಯಿಸಿದ್ದಕ್ಕೆ ಅದು ಹೇಳೋ ಮಾತೇ ಬದಲಾಯ್ತು. ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ ದೊಡ್ಡ ಆಟೋಕ್ಲೇವ್‌ಗಳಿರುವ ಆಸ್ಪತ್ರೆಗಳಲ್ಲಿ ಇದನ್ನು ಈಗಲೂ ದಿನಾ ಬೆಳಿಗ್ಗೆ ಮಾಡ್ತಾರೆ.

ನಮ್ಮ ದೇಶದ ಕಾನೂನಿಗೂ ಇದು ಹೊಸದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತವೆ. ತ್ಯಾಜ್ಯವನ್ನು ಆಟೋಕ್ಲೇವ್ ಮಾಡುವಾಗ 121 ಡಿಗ್ರಿ, 15 ಪೌಂಡಿನಲ್ಲಿ ಕನಿಷ್ಠ 60 ನಿಮಿಷ ಇಡಬೇಕು, ಬಣ್ಣ ಬದಲಾಗುವ ಸೂಚಕ ಪಟ್ಟಿ ಬಳಸಬೇಕು, ಒಳಗಿನದ್ದಕ್ಕೂ ಬಿಸಿ ತಾಗಿದೆಯಾ ಅಂತ ತಿಳಿಯೋಕೆ ಬೇರೆ ಬೇರೆ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಪಟ್ಟಿ ಬೇಕಾಗಬಹುದು ಅಂತ ಅದರಲ್ಲೇ ಬರೆದಿದೆ.

ಅಣಬೆ ಬೀಜದವರಿಗೆ

ಮೊದಲೇ ಒಂದು ಮಾತು. ಸಿಂಪಿ ಅಣಬೆ ಬೆಳೆಯೋಕೆ ಬಳಸುವ ಭತ್ತದ ಹುಲ್ಲಿಗೆ ಆಟೋಕ್ಲೇವ್ ಕಡ್ಡಾಯ ಅಲ್ಲ. ಬಿಸಿನೀರಿನ ಉಪಚಾರದಲ್ಲೇ ಹೆಚ್ಚಿನವರು ಬೆಳೀತಾರೆ. ಬೀಜ ತಯಾರಿಕೆಗೆ ಮಾತ್ರ ರಿಯಾಯಿತಿ ಇಲ್ಲ. ಜೋಳ ಅಥವಾ ಗೋಧಿಯನ್ನು ಬೇಯಿಸಿ, ಆರಿಸಿ, ಜಿಪ್ಸಂ ಮತ್ತು ಸುಣ್ಣದ ಪುಡಿ ಬೆರೆಸಿ, ಚೀಲಕ್ಕೆ ತುಂಬಿ, ಹತ್ತಿಯ ಬಿರಡೆ ಹಾಕಿ, 22 ಪೌಂಡ್ ಒತ್ತಡದಲ್ಲಿ ಒಂದೂವರೆಯಿಂದ ಎರಡು ಗಂಟೆ ಇಡೋದು ನಮ್ಮಲ್ಲಿ ತರಬೇತಿಗಳಲ್ಲಿ ಹೇಳಿಕೊಡುವ ರೂಢಿ. ಅಷ್ಟು ಹೊತ್ತು ಯಾಕೆ? ಕಾಳು ತುಂಬಿದ ಚೀಲದ ನಡುವಿಗೆ ಬಿಸಿ ಇಳಿಯೋದೇ ನಿಧಾನ. ಗೇಜ್ 22 ಮುಟ್ಟಿದ ಕ್ಷಣ ಚೀಲದ ಹೊಟ್ಟೆ ಇನ್ನೂ ಉಗುರುಬೆಚ್ಚಗೆ ಇರಬಹುದು.

ಹಾಗಾದ್ರೆ ಪಟ್ಟಿಯನ್ನು ಎಲ್ಲಿ ಇಡಬೇಕು ಅನ್ನೋದು ನಿಮಗೀಗ ಹೊಳೆದಿರತ್ತೆ. ಬಿಸಿ ಕೊನೆಗೆ ತಲುಪುವ ಜಾಗದಲ್ಲಿ. ಒಂದು ಚೀಲವನ್ನು ಪರೀಕ್ಷೆಗೇ ಅಂತ ಎತ್ತಿಡಿ, ಬೀಜಕ್ಕೆ ಬೇಡ. ಉಳಿದವುಗಳಷ್ಟೇ ಕಾಳು, ಅಷ್ಟೇ ತೇವ ಇರಲಿ. ಟೈಪ್ 5 ಪಟ್ಟಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಚೀಲದ ನಟ್ಟನಡುವೆ ಹೂತು, ದಾರದ ತುದಿ ಬಾಯಿಂದ ಹೊರಗಿರಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಹಬೆ ತಾಗಲ್ಲ. ಈ ಚೀಲವನ್ನು ಲೋಡಿನ ನಡುವೆ, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಇಡಿ. ಎಲ್ಲ ಮುಗಿದು ಒತ್ತಡ ತಾನಾಗೇ ಸೊನ್ನೆಗೆ ಇಳಿದ ಮೇಲೆ ತೆಗೆದು ನೋಡಿ.

ಪಟ್ಟಿ ಪಾಸಾಗದಿದ್ದರೆ ಸಮಯ ಹೆಚ್ಚಿಸೋ ಮೊದಲು ಇನ್ನು ಕೆಲವನ್ನು ನೋಡಿ. ಚೀಲಗಳನ್ನು ಒಂದರ ಮೇಲೊಂದು ಒತ್ತಿ ತುಂಬಿದ್ದೀರಾ? ಮಧ್ಯೆ ಹಬೆ ಓಡಾಡೋಕೆ ಸಂದು ಬೇಕು. ಗಾಳಿ ಬಿಟ್ಟಿದ್ದೀರಾ? ಮೇಲಿನ ವಾಲ್ವ್ ತೆರೆದಿಟ್ಟು, ಮೊದಲು ಬುಸಬುಸ ಅಂತ ಬಿಟ್ಟುಬಿಟ್ಟು ಬರುವ ಹಬೆ ಆಮೇಲೆ ಒಂದೇ ಸಮ ಜೋರಾಗಿ ನುಗ್ಗೋಕೆ ಶುರುವಾಗಿ, ಐದಾರು ನಿಮಿಷ ಹಾಗೇ ಹೋದ ಮೇಲೆ ಮುಚ್ಚಬೇಕು. ಮನೆ ಕುಕ್ಕರಿನಲ್ಲಿ ಎರಡು ಬಾಟಲಿ ಮಾಡಿ ಕಲಿಯೋರೂ ವೆಯ್ಟ್ ಹಾಕದೆ ಅಷ್ಟು ಹೊತ್ತು ಹಬೆ ಹೋಗೋಕೆ ಬಿಟ್ಟು ಆಮೇಲೆ ಹಾಕಿ. ನೀರು ಸಾಕಷ್ಟು ಇದೆಯಾ ನೋಡ್ಕೊಳ್ಳಿ, ಗಂಟೆಗಟ್ಟಲೆ ಸಣ್ಣ ಉರಿಯಲ್ಲೂ ನೀರು ಇಂಗತ್ತೆ. ಒತ್ತಡ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ.

ಕಾಳಿನ ಹದವೂ ಇದಕ್ಕೆ ಸೇರಿದ್ದೇ. ಕಾಳನ್ನು ಉಗುರಿನಿಂದ ಸೀಳಿದಾಗ ನಡುವೆ ಬಿಳಿ ಹಿಟ್ಟಿನಂಥ ಒಣ ಭಾಗ ಕಂಡರೆ ಬೆಂದಿಲ್ಲ ಅಂತ ಅರ್ಥ. ಒಣ ಭಾಗದೊಳಗೆ ಹಬೆ ಇಲ್ಲ, ಮೊದಲೇ ಹೇಳಿದ ಸ್ಟೀಲ್ ಡಬ್ಬಿಯ ಕಥೆಯೇ. ಇದನ್ನು ಯಾವ ಪಟ್ಟಿಯೂ ಹಿಡಿಯಲ್ಲ, ಯಾಕಂದ್ರೆ ಪಟ್ಟಿ ಇರೋದು ಕಾಳಿನ ಹೊರಗೆ. ಅಲ್ಲಿ ನಿಮ್ಮ ಕಣ್ಣೇ ಸೂಚಕ. ಅತಿಯಾಗಿ ಬೆಂದು ಒಡೆದರೆ ಅದೂ ತೊಂದರೆ, ಕಾಳು ಮುದ್ದೆ ಕಟ್ಟಿ ಹಬೆ ಒಳಕ್ಕೆ ಇಳಿಯಲ್ಲ.

ಪಟ್ಟಿ ಪಾಸಾದ ಮೇಲೂ ಬೂಷ್ಟು ಬಂದರೆ? ಆಗ ಆಟೋಕ್ಲೇವಿನ ಮೇಲಿನ ಅನುಮಾನ ಬಿಟ್ಟು ಬೇರೆ ಕಡೆ ಹುಡುಕಬಹುದು. ಒದ್ದೆಯಾದ ಹತ್ತಿ ಬಿರಡೆ, ಬೀಜ ಹಾಕುವಾಗ ಬೀಸಿದ ಗಾಳಿ, ಸೂಜಿಮೊನೆಯಷ್ಟು ತೂತಾದ ಚೀಲ, ಕೊನೆಗೆ ತಾಯಿಬೀಜ. ನನ್ನ ಪ್ರಕಾರ ಒಳಗಿನ ಪಟ್ಟಿಯ ದೊಡ್ಡ ಉಪಯೋಗ ಇದೇ. ಹತ್ತು ಅನುಮಾನಗಳಲ್ಲಿ ಒಂದನ್ನು ಗಟ್ಟಿಯಾಗಿ ಹೊಡೆದುಹಾಕತ್ತೆ. ಪ್ರತಿ ಲೋಡಿಗೂ ಇಡೋಕೆ ದುಬಾರಿ ಅನ್ನಿಸಿದರೆ, ಆಟೋಕ್ಲೇವ್ ಹೊಸದಾಗಿ ತಂದಾಗ, ರಿಪೇರಿ ಆದಾಗ, ಚೀಲದ ಗಾತ್ರ ಬದಲಾಯಿಸಿದಾಗ, ಲೋಡು ಹೆಚ್ಚಿಸಿದಾಗ ತಪ್ಪದೆ ಇಡಿ. ಹೊರಗಿನ ಟೇಪು ಮಾತ್ರ ಪ್ರತಿ ಲೋಡಿಗೂ ಇರಲಿ, ಅದು ಅಗ್ಗ. ಆಳುಗಳು ಬದಲಾಗುವ ಕಡೆ, ಬೇಯದ ಚೀಲ ಬೆಂದ ಚೀಲಗಳ ಜೊತೆ ಬೆರೆಯದಂತೆ ಕಾಯೋದು ಅದೇ.

ಟೇಪಿನ ಮೇಲೆ ತಾರೀಖು, ಲೋಡ್ ನಂಬರ್ ಬರೆದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬಳಸದ ಟೇಪಿನ ಒಂದು ತುಂಡನ್ನು ಪಕ್ಕದಲ್ಲೇ ಇಟ್ಟು ತೆಗೆಯಿರಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಕಂದು ಬಣ್ಣವೂ ಕಪ್ಪಾಗೇ ಕಾಣತ್ತೆ, ಹೋಲಿಕೆಗೆ ಒಂದು ಬೇಕು. ತಿಂಗಳ ನಂತರ ಯಾವ ಗಿರಾಕಿಯಾದ್ರೂ ಬೀಜ ಕೆಟ್ಟಿತ್ತು ಅಂದ್ರೆ ಆ ಲೋಡಿನ ಫೋಟೋ ತೆಗೆದು ನೋಡಬಹುದು. ಒಂದೇ ಲೋಡಿನ ದೂರಾ, ಬೇರೆ ಬೇರೆಯಾ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ದನ ಸಾಕಿದವರಿಗೆ

ಇನ್ನು ಡಾಕ್ಟರ ಗಂಟಿನ ವಿಷಯ. ಆಸ್ಪತ್ರೆಯಲ್ಲಿ ನಿಮ್ಮ ಹಸುವಿನ ಹೊಟ್ಟೆ ಕೊಯ್ದು ಪ್ಲಾಸ್ಟಿಕ್, ತಂತಿ ತೆಗೆಯುವ ಆಪರೇಷನ್ ಇದೆ ಅನ್ನಿ. ಗಂಟಿನ ಮೇಲೆ ಗೆರೆ ಬಂದಿದೆಯಾ, ತಾರೀಖು ಇದೆಯಾ ಅಂತ ನೋಡೋದರಲ್ಲಿ ತಪ್ಪಿಲ್ಲ. ‘ಡಾಕ್ಟ್ರೇ, ಒಳಗೂ ಪಟ್ಟಿ ಇಡ್ತೀರಾ ಸಾರ್?’ ಅಂತ ಕೇಳಿದರೆ ಹೆಚ್ಚಿನವರು ಖುಷಿಯಿಂದಲೇ ತೋರಿಸ್ತಾರೆ. ಗೆರೆಗಿಂತ ಮುಖ್ಯವಾದದ್ದು ಗಂಟು ಒದ್ದೆ ಇದೆಯಾ, ಹರಿದಿದೆಯಾ ಅನ್ನೋದು. ಒದ್ದೆ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯತ್ತೆ, ಟೇಪಿನ ಗೆರೆ ಹಾಗೇ ಕಪ್ಪಗೆ ಉಳಿದಿರತ್ತೆ. ಒಮ್ಮೆ ಬಂದ ಗೆರೆ ವಾಪಸ್ ಹೋಗಲ್ಲ.

ಒಳಗೆ ಜೋಡಿಸೋದರಲ್ಲೂ ವಿದ್ಯೆ ಇದೆ. ಫೋರ್ಸೆಪ್ಸಿನ ಹಲ್ಲು ಕಚ್ಚಿಸಿ ಇಟ್ಟರೆ ಕೀಲಿನ ಸಂದಿಗೆ ಹಬೆ ಹೋಗಲ್ಲ, ಬಾಯಿ ಬಿಟ್ಟೇ ಇಡಬೇಕು. ಬಟ್ಟಲನ್ನು ಅಂಗಾತ ಇಟ್ಟರೆ ಒಳಗೆ ಗಾಳಿ ನಿಲ್ಲತ್ತೆ, ಪಕ್ಕಕ್ಕೆ ವಾಲಿಸಬೇಕು. ಎಲ್ಲಕ್ಕಿಂತ ಮೊದಲು ರಕ್ತ, ಸಗಣಿ ಎಲ್ಲ ಉಜ್ಜಿ ತೊಳೆದಿರಬೇಕು. ಒಣಗಿದ ರಕ್ತದ ಹಕ್ಕಳೆಯೊಳಗೆ ಕೂತ ಸ್ಪೋರಿಗೆ ಅದೊಂದು ಕಂಬಳಿ ಇದ್ದ ಹಾಗೆ.

ನಡುರಾತ್ರಿ ಕೊಟ್ಟಿಗೆಯಲ್ಲಿ ತುರ್ತು ಬಂದಾಗ ಈ ಲೆಕ್ಕ ಬೇರೆ. ಒಬ್ಬರೇ ಡಾಕ್ಟರು, ಹತ್ತಾರು ಹಳ್ಳಿ, ಹಿಂದಿನ ಕೇಸಿಗೆ ಬಳಸಿದ ಸಾಮಾನು ಇನ್ನೂ ಆಟೋಕ್ಲೇವ್ ಆಗಿರಲ್ಲ. ಕುದಿಸಿದ ಅಥವಾ ಔಷಧದಲ್ಲಿ ನೆನೆಸಿದ ಸಾಮಾನಿನಲ್ಲೇ ಜೀವ ಉಳಿಸ್ತಾರೆ. ಟೇಪು ಎಲ್ಲಿ ಸಾರ್ ಅಂತ ಆಗ ಜಗಳ ತೆಗೆದರೆ ಹಸುವೂ ಹೋಗತ್ತೆ, ಕರುವೂ ಹೋಗತ್ತೆ. ನೆನೆಸುವ ಔಷಧದ ಮಿತಿ ಮಾತ್ರ ತಿಳಿದಿರಲಿ. 2 ಶೇಕಡಾ ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಪೋರ್ ಸಾಯಬೇಕಾದರೆ ಹತ್ತು ಗಂಟೆ ಬೇಕು, ಇಪ್ಪತ್ತು ನಿಮಿಷ ಅದ್ದಿ ತೆಗೆದರೆ ಉಳಿದ ಕ್ರಿಮಿಗಳಷ್ಟೇ. ಅಂಥ ಹೊತ್ತಲ್ಲಿ ನೀವು ಮಾಡಬಹುದಾದ್ದು ಬೆಳಕು, ಶುದ್ಧವಾದ ಬಿಸಿನೀರು, ಒಣಗಿದ ಸ್ವಚ್ಛ ನೆಲ. ಆಮೇಲೆ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್‌ಗಳನ್ನು ಮಧ್ಯದಲ್ಲಿ ನಿಲ್ಲಿಸದೆ ಪೂರ್ತಿ ಕೊಡಿಸಿ.

ಎಲ್ಲದಕ್ಕೂ ಆಟೋಕ್ಲೇವ್ ಬೇಕು ಅಂತಲೂ ಇಲ್ಲ. ಹೋರಿ ಬೀಜ ಒಡೆಯುವ ಬರ್ಡಿಜೋ ಚರ್ಮ ಕೊಯ್ಯೋದಿಲ್ಲ, ಅದನ್ನು ತೊಳೆದು ಒರೆಸಿದರೆ ಆಯ್ತು. ಕರು ಎಳೆಯುವ ಹಗ್ಗವನ್ನು ತೊಳೆದು ಕುದಿಸಿ. ಇಂಜೆಕ್ಷನ್ ಸಿರಿಂಜ್, ಕೃತಕ ಗರ್ಭಧಾರಣೆಯ ಶೀತ್ ಇವು ಬಿಸಾಡುವ ಸಾಮಾನುಗಳು, ಒಂದು ಹಸುವಿಗೆ ಒಂದು. ಸಿರಿಂಜಿನ ಪ್ಯಾಕೆಟ್ ಮೇಲೆ ‘ಸ್ಟೆರೈಲ್’ ಪಕ್ಕ ‘ಇಒ’ ಅಂತ ಇದ್ದರೆ ಎಥಿಲೀನ್ ಆಕ್ಸೈಡ್ ಅನಿಲದಿಂದ, ‘ಆರ್’ ಅಂತ ಇದ್ದರೆ ವಿಕಿರಣದಿಂದ ಶುದ್ಧ ಮಾಡಿದ್ದು. ಇವನ್ನು ಕುಕ್ಕರಿನಲ್ಲಿ ಬೇಯಿಸಿ ಮತ್ತೆ ಬಳಸೋ ಸಾಹಸ ಬೇಡ.

ತರಿಸುವಾಗ

ಸೂಚಕ ಟೇಪುಗಳಲ್ಲಿ ಹಬೆಗೆ ಬೇರೆ, ಒಣ ಬಿಸಿಗೆ ಬೇರೆ, ಎಥಿಲೀನ್ ಆಕ್ಸೈಡ್‌ಗೆ ಬೇರೆ ಇವೆ. ‘ಸ್ಟೀಮ್’ ಅಂತ ಬರೆದಿರೋದನ್ನೇ ನೋಡಿ ತಗೊಳ್ಳಿ. ಎಕ್ಸ್‌ಪೈರಿ ತಾರೀಖು ಇರತ್ತೆ, ಅದು ಔಷಧದ ತಾರೀಖಿನಷ್ಟೇ ನಿಜ. ಆಟೋಕ್ಲೇವಿನ ಪಕ್ಕದ ಗೂಡಿನಲ್ಲಿ ಹಬೆ, ಬಿಸಿ ತಾಗುವ ಹಾಗೆ ಇಟ್ಟ ರೋಲು ಬಳಸೋ ಮೊದಲೇ ಮಾಸಲಾಗತ್ತೆ. ಮುಚ್ಚಳ ಇರುವ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿಡಿ.

ವ್ಯಾಪಾರಕ್ಕೆ ಬೀಜ ಮಾಡೋರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಮೇಲೆ ಹೇಳಿದ್ದೆಲ್ಲ ಬಣ್ಣ ನೋಡಿ ಊಹಿಸೋದು. ನಿಜವಾಗಿ ಸ್ಪೋರ್ ಸತ್ತಿದೆಯಾ ಅಂತ ನೋಡೋಕೆ ಸ್ಪೋರನ್ನೇ ಇಟ್ಟು ನೋಡುವ ವಿಧಾನ ಇದೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನೋ ಗಟ್ಟಿ ಜೀವಿಯ ಸ್ಪೋರ್ ಇರುವ ಸಣ್ಣ ಶೀಶೆ ಸಿಗತ್ತೆ. ಅದನ್ನೂ ಪರೀಕ್ಷೆಯ ಚೀಲದ ನಡುವೆ ಇಟ್ಟು, ಆಟೋಕ್ಲೇವ್ ಆದ ಮೇಲೆ ಒಳಗಿನ ಗಾಜು ಒಡೆದು, 55ರಿಂದ 60 ಡಿಗ್ರಿ ಬಿಸಿಯಲ್ಲಿ ಒಂದೆರಡು ದಿನ ಇಡಬೇಕು. ಹೆಚ್ಚಿನ ನಮೂನೆಗಳಲ್ಲಿ ದ್ರವ ನೇರಳೆಯಾಗೇ ಉಳಿದರೆ ಸ್ಪೋರ್ ಸತ್ತಿದೆ, ಹಳದಿಗೆ ತಿರುಗಿದರೆ ಬದುಕಿದೆ. ಆಟೋಕ್ಲೇವಿಗೆ ಹಾಕದ ಇನ್ನೊಂದು ಶೀಶೆಯನ್ನೂ ಜೊತೆಗೇ ಇಡಿ, ಅದು ಹಳದಿ ಆಗಲೇಬೇಕು. ಆಗದಿದ್ದರೆ ಶೀಶೆಯೇ ಹಳತು, ಪರೀಕ್ಷೆ ಲೆಕ್ಕಕ್ಕಿಲ್ಲ. 55 ಡಿಗ್ರಿ ಇಡುವ ಪೆಟ್ಟಿಗೆ ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಅಣಬೆ ವಿಭಾಗ, ಹೆಸರಘಟ್ಟದ ಐಐಎಚ್‌ಆರ್, ಇಲ್ಲವೇ ಸೂಕ್ಷ್ಮಜೀವಿ ಪ್ರಯೋಗಾಲಯ ಇರುವ ಕಾಲೇಜಿನಲ್ಲಿ ಮೊದಲೇ ಫೋನ್ ಮಾಡಿ ಕೇಳಿ, ಶೀಶೆ ತಗೊಂಡು ಹೋಗಿ.